ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ

ಡವಾಲಿಯವನು ಮೂರು ಸಲ ಕೂಗಿದ:
ಸೋಮಾಚಾರಿ, ಬ್ರೇಕ್ ಮೆಕ್ಯಾನಿಕ್, ಹಾಸನ.
ಹತ್ತಿದೆ. ಕಟಕಟೆಯ ಮರ ಹಿಡಿದರೆ
ಉಗುರಿನೊಳಗಿನ ಗ್ರೀಸು ಕಂಡೀತೆಂದು
ಮುಷ್ಟಿ ಬಿಗಿದುಕೊಂಡೆ.

ಎದುರುದಾರ ಒಂದು: ಡ್ರೈವರ್ ಇನ್ನಾಸಪ್ಪ.
ಎರಡು: ಮಾಲೀಕರು, ಶೇಷಾದ್ರಿ ಶೆಟ್ಟರು.
ಮೂರು: ವಿಮಾ ಕಂಪನಿ. ಅದಕ್ಕೆ ಮುಖವಿಲ್ಲ,
ಒಂದು ಕರಿ ಕೋಟು, ಒಂದು ಕೆಮ್ಮು.
ಆಚೆ ಬೆಂಚಿನಲ್ಲಿ ಜಯಂತಿ. ಮಡಿಲಲ್ಲಿ ಪ್ಲಾಸ್ಟಿಕ್ ಕವರು,
ಅದರೊಳಗೆ ಗಂಡನ ಆಧಾರ್ ಕಾರ್ಡು.

ಮೊಪೆಡ್ಡಿಗೆ ಬನ್ನು ಬ್ರೆಡ್ಡಿನ ಟ್ರೇ ಕಟ್ಟಿಕೊಂಡು
ದೋಣಿಗಾಲಿನಿಂದ ಕೆಳಗಿನ ಹೋಟೆಲುಗಳಿಗೆ ಹಾಕುತ್ತಿದ್ದವನು.
ಆ ಬೆಳಿಗ್ಗೆ ಹಿಂದಿನಿಂದ ಬಂದದ್ದು
ಹತ್ತು ಟನ್ನಿಗೆ ಪಾಸಾದ ಲಾರಿ,
ಒಳಗೆ ಹದಿನಾಲ್ಕು ಟನ್ ಮುಸುಕಿನ ಜೋಳ.
ತೂಕದ ಚೀಟಿಯಲ್ಲಿ ಮಾತ್ರ ಹತ್ತೇ.
ಆ ಚೀಟಿ ಬರೆದವನು ನಾಲ್ಕನೇ ಎದುರುದಾರನೂ ಅಲ್ಲ, ಐದನೆಯವನೂ ಅಲ್ಲ.

ಇನ್ನಾಸಪ್ಪ ನ್ಯೂಟ್ರಲ್ಲಿಗೆ ಹಾಕಿ ಇಳಿಸಿದ. ತಪ್ಪು.
ಘಾಟಿಯಲ್ಲಿ ಗೇರು ಬಿಟ್ಟರೆ ಇಂಜಿನ್ನಿನ ಹಿಡಿತ ಹೋಯಿತು,
ಇಡೀ ಭಾರ ಬ್ರೇಕಿನ ಮೇಲೆ,
ಡ್ರಮ್ಮು ಕಾದು ನೀಲಿಗೆ ತಿರುಗುತ್ತದೆ,
ಪೆಡಲ್ ಒತ್ತಿದರೆ ಬರೀ ಉಸಿರು.
ಅವನಿಗೂ ಗೊತ್ತು. ಆದರೆ ಶೆಟ್ಟರು ಡೀಸೆಲ್ ಅಳೆದು ಕೊಡುತ್ತಾರೆ,
ಹೆಚ್ಚಾದದ್ದನ್ನು ಬಾಟಾದಲ್ಲಿ ಮುರಿದುಕೊಳ್ಳುತ್ತಾರೆ.
ಎರಡು ರಾತ್ರಿಯ ನಿದ್ದೆಗೆ ಯಾರೂ ಲೆಕ್ಕ ಇಟ್ಟಿಲ್ಲ.

ಬ್ರೇಕ್ ಇನ್‌ಸ್ಪೆಕ್ಟರ ವರದಿ ಓದಿದರು:
‘ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಆದುದಲ್ಲ.’
ಆ ಸಾಲು ನನಗೆ ಬಾಯಿಪಾಠ.
ನಜ್ಜುಗುಜ್ಜಾದ ಯಾವ ಗಾಡಿಯ ವರದಿಯಲ್ಲೂ ಅದು ಇದ್ದೇ ಇರುತ್ತದೆ,
ಮದುವೆ ಕಾಗದದ ಕೊನೆಗೆ ‘ಆಶೀರ್ವಾದವೇ ಉಡುಗೊರೆ’ ಇದ್ದ ಹಾಗೆ.

‘ಲೈನರ್ ಸವೆದಿತ್ತೇ?’ ಕೋಟು ಕೇಳಿತು.
ಸವೆದಿತ್ತು. ಬೆರಳಿಟ್ಟು ನೋಡಿದ್ದೆ,
ರಿವೆಟ್ಟಿನ ತಲೆ ಇನ್ನೇನು ಡ್ರಮ್ಮಿಗೆ ತಾಗಬೇಕು.
ಬದಲಾಯಿಸಿ ಅಂದೆ. ಫೋನಿನಲ್ಲಿ ಶೆಟ್ಟರು,
‘ಒಂದು ಟ್ರಿಪ್ ಬರಲ್ವೇನಯ್ಯ?’
ಬರುತ್ತೆ ಅಂದೆ.
‘ಅಂದರೆ ಗಾಡಿ ಓಡಿಸಬಹುದೆಂದು ನೀವೇ ಹೇಳಿದಿರಿ.’
ಒಂದು ಟ್ರಿಪ್ ಅಂದೆ ಸ್ವಾಮಿ. ಅದು ಹನ್ನೊಂದನೆಯದು.
‘ಕೇಳಿದ್ದಕ್ಕಷ್ಟೇ ಉತ್ತರ ಕೊಡಿ.’
ಟೈಪು ಮಾಡುವ ಹುಡುಗಿ ಕೈ ಎತ್ತಿ ಕೂತಿದ್ದಳು.
ಹನ್ನೊಂದು ಕಾಗದಕ್ಕೆ ಇಳಿಯಿತೋ ಇಲ್ಲವೋ
ತಿಳಿಯಲಿಲ್ಲ.

ತೀರ್ಪು ಬಂದದ್ದು ಎರಡು ವರ್ಷಕ್ಕೆ.
ವಯಸ್ಸು ಮೂವತ್ತೆಂಟು, ಗುಣಕ ಹದಿನೈದು.
ಮೃತನು ತನಗೆಂದೇ ಖರ್ಚು ಮಾಡುತ್ತಿದ್ದ
ಮೂರರಲ್ಲೊಂದು ಪಾಲು ಕಳೆಯತಕ್ಕದ್ದು.
‘ಅಷ್ಟೆಲ್ಲ ಎಲ್ಲಿ ತಿಂತಿದ್ರು’ ಅಂದಳು ಜಯಂತಿ,
ಯಾರಿಗೂ ಅಲ್ಲ, ಕಿಟಕಿಗೆ.
ಟ್ರೇಗಳನ್ನು ಎತ್ತರಕ್ಕೆ ಕಟ್ಟಿ ಕನ್ನಡಿ ಮರೆಸಿದ್ದರಿಂದ
ಶೇಕಡಾ ಇಪ್ಪತ್ತು ತಪ್ಪು ಸತ್ತವನದೇ.
ಮಿಕ್ಕಿದ್ದಕ್ಕೆ ಡ್ರೈವರು, ಮಾಲೀಕರು, ಕಂಪನಿ
ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ.
ಹಣ ಕಂಪನಿ ಕಟ್ಟತಕ್ಕದ್ದು.
ನನ್ನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಮೆಟ್ಟಿಲಿಳಿಯುವಾಗ ವಕೀಲರ ಗುಮಾಸ್ತನನ್ನು ಕೇಳಿದೆ, ಹಾಗಂದರೇನು?
‘ಜಂಟಿ ಅಂದ್ರೆ ಎಲ್ಲರೂ ಸೇರಿ.
ಪ್ರತ್ಯೇಕ ಅಂದ್ರೆ ಒಬ್ಬೊಬ್ಬನೂ ಪೂರ್ತಿ.’
ಪೂರ್ತಿಯಾ?
‘ಪೂರ್ತಿ’ ಅಂದು ಸ್ಕೂಟರ್ ಒದ್ದ.

ಈಗ ನಾನು ಬರುತ್ತೆ ಅನ್ನುವುದಿಲ್ಲ.
ಲೈನರ್ ಬಿಚ್ಚಿ ಮಾಲೀಕರ ಅಂಗೈಗೇ ಇಡುತ್ತೇನೆ.
ಮೊನ್ನೆ ಒಬ್ಬರು ಅದನ್ನು ನೋಡಿದರು, ನನ್ನನ್ನು ನೋಡಿದರು,
ಹಾಗೇ ಮತ್ತೆ ಜೋಡಿಸು ಅಂದರು.
ಎದುರಿನ ಶೆಡ್ಡಿಗೆ ಲಾರಿ ತಿರುಗಿತು.
ಅಲ್ಲಿಂದ ಸುತ್ತಿಗೆಯ ಸದ್ದು, ಸ್ವಲ್ಪ ಹೊತ್ತಿಗೆ ನಗು.
ಸಂಜೆ ಅದು ಸಕಲೇಶಪುರದ ದಾರಿ ಹಿಡಿದಾಗ
ಸೀಮೆಸುಣ್ಣದಲ್ಲಿ ಗೋಡೆಗೆ ನಂಬರು ಬರೆದಿಟ್ಟೆ.
‘ಯಾಕಣ್ಣ?’ ಅಂದ ಹುಡುಗ.
ಸ್ಪ್ಯಾನರ್ ಕೊಡು ಅಂದೆ.